ಎರಡನೇ ಚೀಲ ಸಕ್ಕರೆ

ಮರ್ವ್ ಟ್ರೆಜೈಸ್ ಪಾಸ್ಟಿ ಎಂಬ ಮಾಂಸದ ಕಡುಬನ್ನು ತಿನ್ನುವ ಮೊದಲು ಅದರ ಒಂದು ಮೂಲೆ ಮುರಿದು ಒಳಗೆ ಇಣುಕುತ್ತಾನೆ. ಮಾಂಸ ಎಷ್ಟು, ಆಲೂಗೆಡ್ಡೆ ಎಷ್ಟು ಎಂದು ಕಣ್ಣಲ್ಲೇ ತೂಗುತ್ತಾನೆ. ಅದನ್ನು ಬೇಯಿಸಿದ ಕ್ಲೆಮ್ ನ್ಯಾಂಕರೋ ಎದುರಿಗೇ ನಿಂತಿರುತ್ತಾನೆ. ವಾಲರೂ ಎಂಬ ಬಂದರು ಪಟ್ಟಣದ ಬೇಕರಿ ಕ್ಲೆಮ್‌ನದು. ಇಬ್ಬರದೂ ಮೂವತ್ತು ವರ್ಷದ ಗೆಳೆತನ. ಆದರೂ ಮರ್ವ್ ಇಣುಕುವುದನ್ನು ಬಿಟ್ಟಿಲ್ಲ.

"ಏನೋ ಹುಡುಕ್ತಿದೀಯ, ಇಲಿನಾ?" ಎನ್ನುತ್ತಾನೆ ಕ್ಲೆಮ್.

"ಇಲಿ ಸಿಕ್ಕಿದ್ರೆ ಸಂತೋಷ. ಅದಾದ್ರೂ ಮಾಂಸ ಅಲ್ವಾ!"

ಈ ಅನುಮಾನ ಮರ್ವ್‌ಗೆ ಅವನ ಕೆಲಸ ಕಲಿಸಿದ್ದು. ಬಂದರಿನ ಧಾನ್ಯದ ಕಣಜಗಳ ಮುಂದಿರುವ ವೇಬ್ರಿಡ್ಜ್‌ನಲ್ಲಿ ಮೂವತ್ತೊಂದು ವರ್ಷ ಬಾರ್ಲಿ ಲಾರಿಗಳನ್ನು ತೂಗಿದವನು ಅವನು. ತುಂಬಿದ ಲಾರಿ ತೂಗುವಾಗ ಮುಂದಿನ ಸೀಟಿನಲ್ಲಿ ಡ್ರೈವರ್, ಅವನ ಭಾವಮೈದ, ಒಂದು ದಪ್ಪ ನಾಯಿ ಕೂತಿರುತ್ತಿದ್ದರು. ಖಾಲಿ ಲಾರಿ ತೂಗುವ ಹೊತ್ತಿಗೆ ಭಾವಮೈದನೂ ನಾಯಿಯೂ ಸಿಗರೇಟು ತರಲು ಹೋಗಿರುತ್ತಿದ್ದರು. ಆಗ ಮರ್ವ್ ಕಿಟಕಿಯಿಂದ ತಲೆ ಹಾಕಿ, "ಬರುವಾಗ ಮೂರು ತಲೆ ಇತ್ತಪ್ಪಾ, ಈಗ ಒಂದೇ ಇದೆ. ಉಳಿದೆರಡೂ ಬಾರ್ಲಿನಾ?" ಎಂದು ಕೇಳುತ್ತಿದ್ದ. ರೈತರು ಅವನನ್ನು ಬೈಯುತ್ತಿದ್ದರು. ಆದರೆ ಅವನು ಕೊಟ್ಟ ತೂಕದ ಚೀಟಿಯನ್ನು ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ.

ನಿವೃತ್ತನಾದ ಮೇಲೆ ಅದೇ ಕಣ್ಣನ್ನು ಅವನು ನಮ್ಮ ರಿಮೋಟ್ ಕಾರುಗಳ ಕ್ಲಬ್ಬಿಗೆ ತಂದ. ಹಳೆಯ ನೆಟ್‌ಬಾಲ್ ಅಂಗಳದ ಹಿಂದೆ ನಮ್ಮ ಡಾಂಬರಿನ ಟ್ರ್ಯಾಕ್ ಇದೆ. ಕಾರುಗಳು ಮೊಳದುದ್ದದವು, ಬ್ಯಾಟರಿಯವು. ಮಂಡಿ ಎತ್ತರವೂ ಇಲ್ಲದ ಅವು ತಿರುವಿನಲ್ಲಿ ನುಗ್ಗುವಾಗ ನೋಡುವವರು ಹಿಂದೆ ಸರಿಯುತ್ತಾರೆ. ರೇಸಿಗೆ ಮುಂಚೆಯೂ ಆಮೇಲೂ ಪ್ರತಿ ಕಾರು ಮರ್ವ್‌ನ ತಪಾಸಣೆ ಮೇಜಿಗೆ ಬರಬೇಕು. ಅವನು ತೂಗುತ್ತಾನೆ, ಅಳೆಯುತ್ತಾನೆ, ಕೊನೆಗೆ ಟೈರುಗಳನ್ನು ಒಂದೊಂದಾಗಿ ಮೂಸುತ್ತಾನೆ. ರಸ್ತೆಯನ್ನು ಹೆಚ್ಚು ಕಚ್ಚಲೆಂದು ಟೈರಿಗೆ ಸವರುವ ದ್ರವಗಳಿವೆ. ನಮ್ಮಲ್ಲಿ ಕ್ಲಬ್ಬು ಕೊಡುವ ಒಂದನ್ನು ಬಿಟ್ಟು ಬೇರೆಲ್ಲವೂ ನಿಷಿದ್ಧ. ಸಿಕ್ಕಿಬಿದ್ದವನು ಒಂದು ವರ್ಷ ಹೊರಗೆ. ಲ್ಯಾಪ್ ಎಣಿಸುವ ಕಂಪ್ಯೂಟರಿನ ಮುಂದೆ ಕೂರುವ ನಾನು ಆ ಮೇಜಿನ ಪಕ್ಕದಲ್ಲೇ ಇರುತ್ತೇನೆ. ಹೀಗೆ ಹೊರಗೆ ಹೋದ ಇಬ್ಬರನ್ನು ನೋಡಿದ್ದೇನೆ. ಅವರು ವರ್ಷ ಕಳೆದ ಮೇಲೂ ಈ ಕಡೆ ಬರಲಿಲ್ಲ.

ಟ್ರ್ಯಾಕಿಗೆ ಮಾತ್ರ ನಾವೇ ಸಕ್ಕರೆ ನೀರು ಹೊಡೆಯುತ್ತೇವೆ. ರೇಸಿನ ಹಿಂದಿನ ದಿನ ಹೊಡೆದು ಒಣಗಲು ಬಿಟ್ಟರೆ, ಮರುದಿನ ಬಿಸಿಲೇರಿದಂತೆ ಅದು ಕಾದು ಟೈರನ್ನು ಹಿಡಿಯುತ್ತದೆ. ಇರುವೆ ಬರುತ್ತವೆ, ಇರುವೆ ತಿನ್ನಲು ಮ್ಯಾಗ್‌ಪೈ ಹಕ್ಕಿಗಳು ಬರುತ್ತವೆ, ನಮ್ಮ ಚಪ್ಪಲಿಗಳು ಚರಚರ ಎನ್ನುತ್ತವೆ. ಸಕ್ಕರೆ ಕಡಿಮೆಯಾದರೆ ಕಾರು ಜಾರುತ್ತದೆ. ಹೆಚ್ಚಾದರೆ ಕಷ್ಟ ಇನ್ನೂ ದೊಡ್ಡದು: ತಿರುವಿನಲ್ಲಿ ಒಂದಿಷ್ಟು ಜಾರಬೇಕಾದ ಟೈರು ಜಾರದೆ ನೆಲ ಕಚ್ಚಿ ನಿಲ್ಲುತ್ತದೆ, ಕಾರು ಮುಗ್ಗರಿಸಿ ಮಗುಚಿಕೊಳ್ಳುತ್ತದೆ.

ಹನ್ನೊಂದು ವರ್ಷದಿಂದ ಸಕ್ಕರೆ ಹೊಡೆಯುತ್ತಿದ್ದವನು ಮರ್ವ್ ಒಬ್ಬನೇ. ಒಂದು ಸಲಕ್ಕೆ ಒಂದು ಚೀಲ. ಆ ಫೆಬ್ರವರಿಯಲ್ಲಿ ರಾಜ್ಯಮಟ್ಟದ ಸುತ್ತು ನಮ್ಮಲ್ಲಿ ನಡೆಯಬೇಕಿತ್ತು. ಹತ್ತು ದಿನ ಮುಂಚೆ ಅವನ ಎಡಗಣ್ಣಿನ ಪೊರೆ ತೆಗೆದಿದ್ದರು. ಭಾರ ಎತ್ತಬಾರದು, ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದರು. ಡಾಕ್ಟರ ಮಾತನ್ನು ಅವನು ಮರೆಯುತ್ತಿದ್ದನೋ ಏನೋ. ಆದರೆ ಅವನ ತಂಗಿ ಗ್ಲೆನಿಸ್ ನಮ್ಮ ರೇಸುಗಳ ಮುಖ್ಯಸ್ಥೆ.

"ಸಕ್ಕರೆ ಪಂಪು ಮುಟ್ಟಿದ್ರೆ ಇನ್ನೊಂದು ಕಣ್ಣನ್ನ ನಾನೇ ಕಿತ್ತುಬಿಡ್ತೀನಿ. ಕ್ಲೆಮ್ ಹೊಡೀತಾನೆ," ಎಂದಳು.

"ಅವ್ನು ಬನ್ನಿನ ಮೇಲೆ ಸಕ್ಕರೆ ಉದುರಿಸೋನು. ರೋಡಿಗೆ ಹೊಡೆಯೋದು ಅವನಿಗೇನು ಗೊತ್ತು?"

"ನಿನಗೆ ಹುಟ್ಟುತ್ಲೇ ಗೊತ್ತಿತ್ತಾ?"

ಶುಕ್ರವಾರ ಸಂಜೆ ಕ್ಲೆಮ್ ಹೊಡೆದ. ಶನಿವಾರ ಬೆಳಕು ಹರಿಯುವ ಹೊತ್ತಿಗೆ, ಯಾರೂ ಬರುವ ಮುಂಚೆ, ಮರ್ವ್ ಒಬ್ಬನೇ ಟ್ರ್ಯಾಕಿಗೆ ಬಂದ. ಇದನ್ನು ಆಮೇಲೆ ಅವನೇ ನನಗೆ ಹೇಳಿದ್ದು. ಹೊಲಗಳ ಕಡೆಯಿಂದ ಗಾಳಿ ಬೀಸಿ ಟ್ರ್ಯಾಕಿನ ಮೇಲೆ ತೆಳುವಾಗಿ ಕೆಂಧೂಳು ಕೂತಿತ್ತು. ಬೂಟು ಉಜ್ಜಿದ, ಚರ್ ಎನ್ನಲಿಲ್ಲ. ಅಂಗೈ ಒತ್ತಿದ, ಅಂಟಲಿಲ್ಲ. ಶೆಡ್ಡಿಗೆ ಹೋದ. ಅಲ್ಲಿ ಕ್ಲೆಮ್‌ನ ಬೇಕರಿಯ ಸಕ್ಕರೆ ಚೀಲ ಒಂದಿತ್ತು, ಹೊಲಿಗೆ ಕೂಡ ಬಿಚ್ಚಿರಲಿಲ್ಲ. ಖಾಲಿ ಚೀಲ ಎಲ್ಲೂ ಇರಲಿಲ್ಲ.

ಕ್ಲೆಮ್ ಬರೀ ನೀರು ಹೊಡೆದು ಹೋಗಿದ್ದಾನೆ ಎಂದು ಮರ್ವ್ ತೀರ್ಮಾನಿಸಿದ. ಗ್ಲೆನಿಸ್‌ಗೆ ಹೇಳಿದರೆ ಇಷ್ಟು ಹೊತ್ತಿಗೆ ಇಲ್ಲಿ ನಿನಗೇನು ಕೆಲಸ ಎಂದು ಮೊದಲು ಅವನನ್ನೇ ಹಿಡಿಯುತ್ತಾಳೆ. ಹಾಗಾಗಿ ಸಕ್ಕರೆಯನ್ನು ಬಕೆಟ್ಟಿನಲ್ಲಿ ಸ್ವಲ್ಪಸ್ವಲ್ಪವೇ ಹೊತ್ತು, ಕಲಸಿ, ಇಡೀ ಟ್ರ್ಯಾಕಿಗೆ ಹೊಡೆದು ಮನೆಗೆ ಹೋದ. ಎಂಟೂವರೆಗೆ ಕಪ್ಪು ಕನ್ನಡಕ ಹಾಕಿಕೊಂಡು, ಆಗತಾನೇ ಎದ್ದವನಂತೆ ಮತ್ತೆ ಬಂದ.

ಬೆಳಗಿನ ಅಭ್ಯಾಸದಲ್ಲಿ ತೊಂದರೆ ಇರಲಿಲ್ಲ. ಹನ್ನೊಂದಕ್ಕೆ ಬಿಸಿಲು ಮೂವತ್ತೆಂಟು ಡಿಗ್ರಿ ದಾಟಿತು. ಆಗ ಕಾರುಗಳು ಮಗುಚತೊಡಗಿದವು. ಮೊದಲು ಸಾಮಾನು ತುಂಬಿಡುವ ಕಂಟೇನರಿನ ಪಕ್ಕದ ತಿರುವಿನಲ್ಲಿ ಎರಡು, ಆಮೇಲೆ ನೇರ ದಾರಿ ಮುಗಿಯುವಲ್ಲಿ ಮೂರು. ಅಡಿಲೇಡಿನಿಂದ ಬಂದವರು ಒಡೆದ ಕಾರು ಬಾಡಿಗಳನ್ನು ಹಿಡಿದುಕೊಂಡು ಗ್ಲೆನಿಸ್‌ನ ಮುಂದೆ ಸಾಲು ನಿಂತರು.

"ಏನಮ್ಮಾ ಇದು, ರೇಸೋ ದೋಸೆ ಹೆಂಚೋ? ಎಲ್ಲಾ ತಿರುವಿ ಹಾಕ್ತಾ ಇದೆ!"

ಮರ್ವ್ ತನ್ನ ಮೇಜಿನಿಂದ ಎದ್ದು ಬಂದು ತಗ್ಗಿದ ದನಿಯಲ್ಲಿ ಹೇಳಿದ: "ಒಂದು ಚೀಲ ಸಕ್ಕರೆಗೆ ಇಷ್ಟು ಹಿಡಿತ ಬರಲ್ಲ ಗ್ಲೆನಿಸ್. ಹನ್ನೊಂದು ವರ್ಷ ನೋಡಿದೀನಿ. ಯಾರೋ ಟೈರಿಗೆ ಕಳ್ಳಮಾಲು ಹಚ್ಚಿದಾರೆ. ಅದು ರೋಡಿಗೆ ಮೆತ್ಕೊಂಡು ಎಲ್ಲರನ್ನೂ ಕೆಡವ್ತಾ ಇದೆ."

"ಯಾರು?"

"ಯಾರ ಕಾರು ಬೀಳ್ತಾ ಇಲ್ಲವೋ ಅವರು."

ಬೀಳದೇ ಇದ್ದ ಕಾರು ಒಂದೇ. ಕ್ಲೆಮ್‌ನ ಹಳದಿ ಕಾರು ಹಳಿಯ ಮೇಲಿನ ರೈಲಿನಂತೆ ತಿರುವುಗಳನ್ನು ದಾಟುತ್ತಿತ್ತು. ಮೂವತ್ತು ವರ್ಷದಲ್ಲಿ ಅವನು ಮೂರನೇ ಸ್ಥಾನಕ್ಕಿಂತ ಮೇಲೆ ಬಂದವನಲ್ಲ. ಆ ದಿನ ಫೈನಲ್‌ಗೆ ಎಲ್ಲರಿಗಿಂತ ಮುಂದೆ ನಿಲ್ಲುವ ಜಾಗ ಅವನಿಗೆ ಸಿಕ್ಕಿತ್ತು. ವಿಷಯ ತಿಳಿದಾಗ ಅವನು ಕೂತು ಟೊಪ್ಪಿಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ನಕ್ಕಿದ್ದನ್ನು ನಾನು ನೋಡಿದೆ.

ಮರ್ವ್ ಕೂಡ ನೋಡಿದ. ಅವನ ಲೆಕ್ಕದಲ್ಲಿ ಈಗ ಎಲ್ಲವೂ ಕೂಡಿ ಬರುತ್ತಿತ್ತು. ಕ್ಲೆಮ್ ಸಕ್ಕರೆ ಹಾಕದೆ ಬಿಟ್ಟದ್ದು ಸೋಮಾರಿತನದಿಂದಲ್ಲ. ಎಲ್ಲರ ಕಾರೂ ಜಾರಲಿ, ಕಳ್ಳಮಾಲು ಹಚ್ಚಿದ ತನ್ನದೊಂದು ಮಾತ್ರ ಕಚ್ಚಲಿ ಎಂದು. ಊಟದ ಹೊತ್ತಿಗೆ ಹಳದಿ ಕಾರನ್ನು ಮೇಜಿಗೆ ತರಿಸಿ ನಾಲ್ಕೂ ಟೈರು ಮೂಸಿದ. ಮತ್ತೆ ಮೂಸಿದ.

"ಏನು ವಾಸನೆ ಬರ್ತಿದೆ?" ಎಂದಳು ಗ್ಲೆನಿಸ್.

"ಏನೂ ಇಲ್ಲ."

"ಹಂಗಾದ್ರೆ ಬಿಡು."

"ಅದೇ ಅನುಮಾನ. ಏನೂ ಇಲ್ದೇ ಇರೋ ಹಂಗೆ ಯಾರು ತೊಳೀತಾರೆ? ಮಾಡಿದವನೇ ತೊಳೆಯೋದು."

ಗ್ಲೆನಿಸ್ ದೂರಿನ ಕಾಗದವನ್ನು ಮೇಜಿನ ಮೇಲಿಟ್ಟಳು. ಆಗ ಎರಡೂವರೆ, ಫೈನಲ್ ಮೂರಕ್ಕೆ. "ಸಹಿ ಹಾಕಿದ್ರೆ ಕ್ಲೆಮ್ ಫೈನಲ್‌ನಲ್ಲೂ ಇಲ್ಲ, ಈ ವರ್ಷನೂ ಇಲ್ಲ. ಹಾಕಲ್ಲ ಅಂದ್ರೆ ಬಾಯಿ ಮುಚ್ಚು. ಎರಡರಲ್ಲಿ ಒಂದು ಮಾಡು," ಎಂದು ಹೇಳಿ ಹೋದಳು.

ಮರ್ವ್ ಕಾಗದ ಹಿಡಿದುಕೊಂಡು ಕ್ಲೆಮ್‌ನ ಕೆಲಸದ ಮೇಜಿಗೆ ನಡೆದ. ಸಾಕ್ಷಿಯಾಗಿ ನನ್ನನ್ನೂ ಕರೆದ. ಕ್ಲೆಮ್ ಬ್ಯಾಟರಿ ಚಾರ್ಜಿಗೆ ಹಾಕುತ್ತಿದ್ದ.

"ಬಾರೋ, ಮೂಸೋದು ಇನ್ನೇನಾದ್ರೂ ಉಳಿದಿದ್ಯಾ? ಕಾಲುಚೀಲ ಬಿಚ್ಲಾ?"

"ತಮಾಷೆ ಸಾಕು. ಈ ಹಿಡಿತದಲ್ಲಿ ನಿನ್ನ ಕಾರು ಒಂದೇ ಯಾಕೆ ಬೀಳ್ತಿಲ್ಲ?"

"ಬಿಗಿ ಮಾಡಿದೀನಿ. ಗಟ್ಟಿ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಒಳಗೆ ಮಂದ ಎಣ್ಣೆ. ಹೊಟ್ಟೆ ನೆಲಕ್ಕೆ ಇಳಿಸಿದೀನಿ. ಮುಂದಿನ ಟೈರಿನ ಹೊರಪಕ್ಕೆಗೆ ಅಂಟು ಸವರಿ ಒಣಗಿಸಿ ಗಟ್ಟಿ ಮಾಡಿದೀನಿ, ಪಕ್ಕೆ ನೆಲ ಕಚ್ಚಬಾರ್ದು ಅಂತ. ಇದರಲ್ಲಿ ಯಾವುದು ತಪ್ಪು ಹೇಳು."

ಯಾವುದೂ ತಪ್ಪಲ್ಲ. ಹಿಡಿತ ಹೆಚ್ಚಿದ ಟ್ರ್ಯಾಕಿಗೆ ಎಲ್ಲರೂ ಮಾಡುವುದು ಇದನ್ನೇ. ಆದರೆ ಉಳಿದವರು ಕಾರು ಬಿದ್ದ ಮೇಲೆ ಒಂದೊಂದಾಗಿ ಮಾಡಿ ನೋಡುತ್ತಿದ್ದರು.

"ಯಾವಾಗ ಮಾಡಿದೆ?"

"ಬೆಳಿಗ್ಗೆ ಏಳಕ್ಕೆ."

"ಹಾಂ! ಹಿಡಿತ ಬಂದದ್ದು ಹನ್ನೊಂದಕ್ಕೆ. ಏಳಕ್ಕೇ ನಿನಗೆ ಕನಸು ಬಿತ್ತಾ?"

ಕ್ಲೆಮ್ ತನ್ನ ನೋಟ್‌ಬುಕ್ ತಿರುಗಿಸಿ ಅವನ ಮುಂದಿಟ್ಟ. ಕಾರಿಗೆ ಮಾಡಿದ ಪ್ರತಿ ಬದಲಾವಣೆಯನ್ನೂ ಬರೆದಿಡುವುದು ನಮ್ಮಲ್ಲಿ ವಾಡಿಕೆ. ಶನಿವಾರ, ಏಳು ಗಂಟೆ ಎಂದಿತ್ತು. ಟ್ರ್ಯಾಕ್ ಹೇಗಿದೆ ಎಂಬ ಜಾಗದಲ್ಲಿ ಎರಡೇ ಪದ: 'ಎರಡು ಚೀಲ.'

ಮರ್ವ್ ಕಪ್ಪು ಕನ್ನಡಕ ತೆಗೆದು ಓದಿದ. "ಎರಡಾ? ನೀನು ಒಂದೂ ಹಾಕಿಲ್ವಲ್ಲೋ."

ಕ್ಲೆಮ್ ಹಳದಿ ಕಾರನ್ನು ಎತ್ತಿದ. ಅದರ ಕೆಳಗೆ ಮೇಜು ಗೀಚದಂತೆ ಒಂದು ಖಾಲಿ ಚೀಲ ಹಾಸಿತ್ತು. ಅವನ ಬೇಕರಿಗೆ ಬರುವ ಸಕ್ಕರೆಯ ಚೀಲ. "ಇದು ಶುಕ್ರವಾರದ್ದು. ಎರಡು ತಂದಿದ್ದೆ. ಒಂದು ಹೊಡೆದೆ, ಇನ್ನೊಂದು ಮುಂದಿನ ರೇಸಿಗೆ ಅಂತ ಶೆಡ್ಡಲ್ಲಿಟ್ಟಿದ್ದೆ." ಆಮೇಲೆ ಡ್ರಾಯರಿನಿಂದ ಇನ್ನೊಂದು ಖಾಲಿ ಚೀಲ ತೆಗೆದು ಪಕ್ಕದಲ್ಲಿಟ್ಟ. ಅದನ್ನು ಅಂಚಿಗೆ ಅಂಚು ಕೂಡಿಸಿ, ನಾಲ್ಕು ಮಡಿಕೆ ಹಾಕಿ, ಹೊಲಿಗೆಯ ದಾರವನ್ನು ಮೇಲೆ ಸುತ್ತಿ ಇಟ್ಟಿತ್ತು. "ಇದು ಇವತ್ತು ಬೆಳಿಗ್ಗೆ ಬಂದಾಗ ಶೆಡ್ಡಿನ ಶೆಲ್ಫ್ ಮೇಲೆ ಸಿಕ್ತು. ಚೀಲನ ಹಿಂಗೆ ಮಡಚೋನು ಈ ಊರಲ್ಲಿ ಎಷ್ಟು ಜನ ಇದಾರೆ ಮರ್ವ್?"

ಮರ್ವ್ ಎರಡೂ ಚೀಲಗಳನ್ನು ಕೈಯಲ್ಲಿ ಹಿಡಿದು ನಿಂತ. ಅವುಗಳನ್ನು ತೂಗಿ ನೋಡುತ್ತಿದ್ದಾನೇನೋ ಅನಿಸಿತು ನನಗೆ. ಅವನ ಕತ್ತು ನಿಧಾನವಾಗಿ ಕೆಂಪಾಯಿತು.

"ಬೆಳಿಗ್ಗೆ ಅಂಟಲಿಲ್ಲ ಕಣೋ. ಮುಟ್ಟಿ ನೋಡಿದೆ."

"ಧೂಳಿತ್ತು. ತಣ್ಣಗಿತ್ತು. ನೀನು ಹನ್ನೊಂದು ವರ್ಷ ಹೊಡೆದು ಮನೆಗೆ ಹೋಗಿದೀಯೇ ಹೊರತು ಬೆಳಿಗ್ಗೆ ಆರಕ್ಕೆ ಬಂದು ಯಾವತ್ತಾದ್ರೂ ಮುಟ್ಟಿದೀಯಾ? ನೀನು ಹೊಡೆದದ್ದರ ಮೇಲೆ ನಿನಗೆ ಅನುಮಾನ ಇರಲಿಲ್ಲ."

ಮರ್ವ್ ಎರಡೂ ಚೀಲಗಳನ್ನು ಮೇಜಿನ ಮೇಲಿಟ್ಟ.

"ಗೊತ್ತಿದ್ದೂ ಯಾಕೆ ಬಾಯಿ ಬಿಡ್ಲಿಲ್ಲ?" ಎಂದ ಮರ್ವ್. ದನಿಯಲ್ಲಿ ಹಳೆಯ ವೇಬ್ರಿಡ್ಜ್‌ನ ಗಡಸು ಮತ್ತೆ ಬಂದಿತ್ತು.

"ಬಿಟ್ಟಿದ್ರೆ ಗ್ಲೆನಿಸ್ ನಿನ್ನ ಚರ್ಮ ಸುಲೀತಿದ್ಲು."

"ಅದಕ್ಕೇನಾ?"

ಕ್ಲೆಮ್ ಬೇರೆ ಕಡೆ ನೋಡಿದ. "ಒಂದ್ಸಲ ಗೆಲ್ಲೋಣ ಅಂತಾನೂ ಇತ್ತು. ಯಾವುದು ಎಷ್ಟು ಅಂತ ನೀನೇ ತೂಗ್ಕೋ."

ಮರ್ವ್ ದೂರಿನ ಕಾಗದ ಹಿಡಿದು ನೇರವಾಗಿ ಗ್ಲೆನಿಸ್‌ನ ಹತ್ತಿರ ಹೋದ. ಕ್ಲೆಮ್‌ನ ಹೆಸರಿಗೆಂದು ಬಿಟ್ಟಿದ್ದ ಜಾಗದಲ್ಲಿ ತನ್ನ ಹೆಸರು ಬರೆದು ಕೊಟ್ಟ. ಅವಳು ಓದಿ ಮುಗಿಸುವ ಮೊದಲೇ ಮೈಕು ಕಿತ್ತುಕೊಂಡು, "ಎಲ್ಲರೂ ಕೇಳಿ. ಟ್ರ್ಯಾಕಿನ ಮೇಲೆ ಎರಡು ಪಟ್ಟು ಸಕ್ಕರೆ ಇದೆ. ಎರಡನೇ ಚೀಲ ಹೊಡೆದದ್ದು ನಾನು. ಯಾರ ಟೈರಲ್ಲೂ ಏನೂ ಇಲ್ಲ. ಕಾರು ಬಿಗಿ ಮಾಡ್ಕೊಳ್ಳೋಕೆ ಮುಕ್ಕಾಲು ಗಂಟೆ ಕೊಡ್ತೀವಿ," ಎಂದ. ಮೈಕನ್ನು ಆರಿಸಲು ಮರೆತಿದ್ದರಿಂದ ಮುಂದಿನದೂ ಎಲ್ಲರಿಗೂ ಕೇಳಿಸಿತು.

"ಕಣ್ಣಿನ ಆಪರೇಷನ್ ಆದವನು ಬಕೆಟ್ ಹೊತ್ತೆಯಾ? ನಾಚಿಕೆ ಆಗಲ್ವಾ ನಿನಗೆ?" ಇದು ಗ್ಲೆನಿಸ್.

"ಸ್ವಲ್ಪಸ್ವಲ್ಪನೇ ಹೊತ್ತೆ ಕಣೇ."

ಆಮೇಲೆ ಅವನು ಕ್ಲೆಮ್‌ನ ಹತ್ತಿರ ಬಂದು, ಆ ನೋಟ್‌ಬುಕ್ಕಿನ ಹಾಳೆಯನ್ನು ಬೋರ್ಡಿಗೆ ಚುಚ್ಚು ಎಂದ.

"ತಪ್ಪು ನಿಂದು, ದಂಡ ನಂದಾ?"

"ನನ್ನ ತಪ್ಪು ಮೈಕಲ್ಲಿ ಹೇಳಿ ಆಯ್ತು. ಇದು ನೀನು ಸುಮ್ಮನಿದ್ದಿದ್ದಕ್ಕೆ."

ಕ್ಲೆಮ್ ಹಾಳೆ ಹರಿದು ತಾನೇ ಬೋರ್ಡಿಗೆ ಚುಚ್ಚಿದ. ಅಡಿಲೇಡಿನವರು ಅದರ ಮುಂದೆ ಗುಂಪುಗಟ್ಟಿ, ಸ್ಪ್ರಿಂಗು ಬದಲಿಸಿ, ಎಣ್ಣೆ ಬದಲಿಸಿ, ಟೈರಿಗೆ ಅಂಟು ಸವರಿಕೊಂಡರು. ಫೈನಲ್‌ನಲ್ಲಿ ಒಂದು ಕಾರೂ ಬೀಳಲಿಲ್ಲ. ಐದು ನಿಮಿಷದ ಓಟದಲ್ಲಿ ಕ್ಲೆಮ್ ನಾಲ್ಕು ನಿಮಿಷ ಎಲ್ಲರಿಗಿಂತ ಮುಂದಿದ್ದು, ಕೊನೆಯ ನಿಮಿಷದಲ್ಲಿ ಇಬ್ಬರಿಗೆ ದಾರಿ ಬಿಟ್ಟು ಮೂರನೆಯವನಾದ.

ಸಂಜೆ ಪಾಸ್ಟಿ ಹಂಚುವಾಗ ಅವನು ಮರ್ವ್‌ನ ಕಡೆ ಒಂದನ್ನು ಎಸೆದ. "ತಗೋ, ನೋಡ್ಕೋ."

ಮರ್ವ್ ಮೂಲೆ ಮುರಿದು ನೋಡಿದ. "ಆಲೂಗೆಡ್ಡೆ ಜಾಸ್ತಿ," ಎಂದ. ಪೂರ್ತಿ ತಿಂದ.

ಮುಂದಿನ ರೇಸಿನ ಹಿಂದಿನ ದಿನ ಕ್ಲೆಮ್ಮೇ ಸಕ್ಕರೆ ಹೊಡೆದ. ಮರ್ವ್ ಕಂಟೇನರಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು, ಕಪ್ಪು ಕನ್ನಡಕದೊಳಗಿಂದ ಕಡೆಯ ತಿರುವಿನವರೆಗೂ ನೋಡುತ್ತಾ ಕೂತಿದ್ದ. ಮುಗಿದ ಮೇಲೆ ಖಾಲಿ ಚೀಲವನ್ನು ಕೇಳಿ ಇಸಿದುಕೊಂಡು, ನಾಲ್ಕು ಮಡಿಕೆ ಹಾಕಿ ಅಂಗಿಯೊಳಗೆ ಸೇರಿಸಿದ. ಮರುದಿನ ಬಹುಮಾನ ಹಂಚಿ ಮುಗಿಯುವವರೆಗೆ ಅದನ್ನು ಯಾರ ಕೈಗೂ ಕೊಡಲಿಲ್ಲ.