ನಾಲ್ಕು ಕಣ್ಣಿನ ನಾಯಿ ನೋಡದೆ ಹೋದವಳು

ಮರುಭೂಮಿಯ ಯಜ್ದ್ ಪಟ್ಟಣದ ಬಳಿಯ ನಮ್ಮ ಹಳ್ಳಿಯಲ್ಲಿ ಅಗ್ನಿಯನ್ನು ನಂಬಿದ ಮನೆಗಳು ಈಗ ಹನ್ನೊಂದು. ಸಾವಿನ ಮನೆಗೆ ನಾಯಿ ಕರೆತರುವವನು ಖೊದಾರಹ್ಮ್ ಒಬ್ಬನೇ. ಹುಬ್ಬಿನ ಮೇಲೆ ಎರಡು ಕಂದು ಚುಕ್ಕೆಯಿರುವ ಅದನ್ನು ನಾಲ್ಕು ಕಣ್ಣಿನ ನಾಯಿ ಎನ್ನುತ್ತೇವೆ. ಹೆಣದ ಎದೆಯ ಮೇಲಿಟ್ಟ ರೊಟ್ಟಿಯನ್ನು ಅದು ತಾನಾಗಿ ಬಂದು, ಮುಖ ನೋಡಿ, ಎತ್ತಿಕೊಳ್ಳಬೇಕು. ಆಗ ಹೆಣಕ್ಕೆ ಹತ್ತಿದ ಕೊಳೆಯ ಭೂತ ಓಡುತ್ತದೆ, ಜೀವ ಪರಲೋಕದ ಸೇತುವೆ ದಾಟುತ್ತದೆ. ಎಳೆದು ತರುವಂತಿಲ್ಲ.

ತನ್ನ ಊಟಕ್ಕೆ ಮೊದಲು ಅವನು ನಾಯಿಗೆ ತುತ್ತು ಹಾಕುತ್ತಿದ್ದ. ಹೆಂಡತಿ ಗೊಹರ್ ರೇಗಿಸುತ್ತಿದ್ದಳು, "ಮದುವೆ ಆಗಿದ್ದು ನನ್ನನ್ನೋ, ಅದನ್ನೋ?" ಶ್ವಾಸಕೋಶ ಕೆಟ್ಟು ಹಾಸಿಗೆ ಹಿಡಿದ ಮೇಲೆ ಅವಳು ಕೇಳಿದ್ದು ಒಂದೇ: "ನಾನು ಹೋದಾಗ ಅದು ನನ್ನ ಮುಖ ನೋಡ್ಲಿ. ಅಷ್ಟು ಸಾಕು."

ವಸಂತದಲ್ಲಿ ರಾಜಧಾನಿಯಿಂದ ಪ್ರೊಫೆಸರ್ ಒಬ್ಬ ಬಂದ. ಹಿಂದೂಸ್ತಾನದ ವೇದದಲ್ಲಿ ಯಮನ ನಾಯಿಗಳಿಗೂ ನಾಲ್ಕು ಕಣ್ಣಂತೆ. ನಮ್ಮ ಆದಿರಾಜ ಯಿಮ, ಅವರ ಯಮ ಒಂದೇ ಬೇರಿನವರಂತೆ. ನಾವು ದೆವ್ವವೆಂದು ಶಪಿಸುವ ಇಂದ್ರ ಅವರಿಗೆ ದೇವರಂತೆ. ಗ್ರೀಕರ ಪಾತಾಳದ ಬಾಗಿಲಲ್ಲೂ ನಾಯಿಯಂತೆ. ಊರಲ್ಲಿ ಓದಿದವನೆನಿಸಿಕೊಂಡ ನಾನೂ ಬಾಯಿ ಬಿಟ್ಟುಕೊಂಡು ಕೇಳಿಸಿಕೊಂಡೆ.

"ಅಜ್ಜಾ, ಈ ಶಾಸ್ತ್ರದ ಫೋಟೋ ಬೇಕಲ್ಲ," ಎಂದ ಖೊದಾರಹ್ಮ್‌ಗೆ.

"ಹೆಣ ಇಲ್ವಲ್ಲ, ಸಾಹೇಬ್ರೇ."

ಗೊಹರ್ ಮಲಗಿದಲ್ಲೇ ನಕ್ಕಳು. "ಅರ್ಧ ಹೆಣ ಇಲ್ಲೇ ಬಿದ್ದಿದೆ, ತಗೊಳ್ಳಲಿ ಬಿಡಿ."

ಬಿಳಿ ಬಟ್ಟೆ ಹೊದಿಸಿದರು. ಉಸಿರಾಡುವ ಮೈಯ ಹತ್ತಿರ ನಾಯಿ ಬರಲಿಲ್ಲ. ಪ್ರೊಫೆಸರನ ಡ್ರೈವರ್ ಬೆಲ್ಟು ಬಿಚ್ಚಿ ಬಾರಿಸಿದ, ಕತ್ತು ಹಿಡಿದು ತಳ್ಳಿದ. ಅತಿಥಿಗಳೆಂದು ಖೊದಾರಹ್ಮ್ ಸುಮ್ಮನಿದ್ದ. ನನಗೆ ಯಾವ ನೆಪವೂ ಇರಲಿಲ್ಲ, ಆದರೂ ಸುಮ್ಮನಿದ್ದೆ. ಫೋಟೋ ಅವನ ಪುಸ್ತಕದಲ್ಲಿ ಬಂತು. ಕೆಳಗೆ 'ಮೃತ ಮಹಿಳೆ' ಎಂದಿತ್ತು. ಮೂರು ಸಾವಿರ ವರ್ಷದ ನೆಂಟಸ್ತಿಕೆ ಹುಡುಕಿ ಬಂದವನಿಗೆ ಎದುರು ಮಲಗಿದ್ದ ಹೆಂಗಸು ಬದುಕಿದ್ದದ್ದು ಲೆಕ್ಕಕ್ಕೇ ಬರಲಿಲ್ಲ.

ದಾಳಿಂಬೆ ಬಿಡಿಸುವ ಕಾಲಕ್ಕೆ ಗೊಹರ್ ತೀರಿಕೊಂಡಳು. ಖೊದಾರಹ್ಮ್ ನಾಯಿಯನ್ನು ಕರೆದ. ಹೊಸ್ತಿಲವರೆಗೆ ಬಂದದ್ದು ಬಿಳಿ ಬಟ್ಟೆ ಕಂಡು ಮುದುರಿ ಕೂತಿತು, ಅಲ್ಲೇ ಉಚ್ಚೆ ಹೊಯ್ದು ಓಡಿತು. ಮೂರು ಸಲ ಕರೆದ. ಮೂರು ಸಲವೂ ಅಷ್ಟೇ.

"ಹೊತ್ತು ಮುಳುಗ್ತಿದೆ, ಭಾವ," ಎಂದ ಗೊಹರ್‌ಳ ತಮ್ಮ. "ಕತ್ತಲಾದ್ರೆ ಎತ್ತೋ ಹಾಗಿಲ್ಲ."

"ಇನ್ನೊಂದ್ಸಲ ಕರೀತೀನಿ ಕಣೋ."

ತಮ್ಮ ಬಗ್ಗಿ ಚಟ್ಟಕ್ಕೆ ಕೈ ಹಾಕಿದ. ಎತ್ತಿದರು. ರೊಟ್ಟಿ ನೆಲಕ್ಕೆ ಬಿತ್ತು.

ಸಮಾಧಿಯಿಂದ ಮರಳುವಾಗ ಅವನು ನನ್ನ ತೋಳು ಹಿಡಿದ. "ನೀನು ಓದಿದವನು, ಹೇಳು. ಆ ಹಿಂದೂಸ್ತಾನದ ನಾಯಿಗಳಾದ್ರೂ ಇವಳ ಮುಖ ನೋಡ್ತಾವಾ?"

ನೋಡುತ್ತವೆ ಎಂದೆ. ನನಗೆ ಗೊತ್ತಿರಲಿಲ್ಲ.