ಮೇಷ್ಟ್ರ ಪುಸ್ತಕಕ್ಕೂ ‘ಯಾಕೆ’ ಅಂದ ಯಾಕಕ್ಕ

ಬೀದಿ ದೀಪಗಳು ಇನ್ನೂ ಆರಿಲ್ಲ. ಮೂರನೇ ಮಹಡಿಯ ಪುಟ್ಟ ಮನೆಯಲ್ಲಿ ಚಹಾ ಕುದಿಯುತ್ತಿದೆ. ಸಿಟಿ ಬಸ್ಸಿನ ಮೊದಲ ಪಾಳಿಗೆ ಹೊರಟ ಚಾಲಕರು ಬಾಗಿಲ ಬಳಿ ಕೂತು ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದಾರೆ. ಅವರ ಹೆಂಡತಿ ಆಗಲೇ ಕೆಲಸ ಶುರು ಮಾಡಿದ್ದಾರೆ. ಊಟದ ಮೇಜಿನ ಮೇಲೆ ಏಳನೇ ತರಗತಿಯ ಗಣಿತ ಪುಸ್ತಕದ ಕರಡು. ಬಿಡಿಸಿ ತೋರಿಸಿದ ಲೆಕ್ಕವನ್ನು ಎಡಗೈಯಿಂದ ಮುಚ್ಚಿಕೊಂಡು, ಬಲಗೈಯಲ್ಲಿ ಪೆನ್ಸಿಲ್ ಹಿಡಿದು, ಐವತ್ತು ದಾಟಿದ ಈ ಹೆಂಗಸು ಪರೀಕ್ಷೆಗೆ ಕೂತ ಹುಡುಗಿಯಂತೆ ಹುಬ್ಬು ಗಂಟಿಕ್ಕಿದ್ದಾರೆ.

“ಇಲ್ಲಿ ತ್ರಿಜ್ಯ ಅಂತ ಬರೆದಿದ್ದಾರೆ. ತ್ರಿಜ್ಯ ಅಂದ್ರೇನು ಅನ್ನೋದು ನಾಲ್ಕು ಪುಟ ಆದ್ಮೇಲೆ ಬರುತ್ತೆ,” ಎನ್ನುತ್ತ ಅಂಚಿನಲ್ಲಿ ಗುರುತು ಹಾಕುತ್ತಾರೆ. “ಮಗು ಇಲ್ಲಿ ಎಡವುತ್ತೆ. ಎಡವಿದ್ದು ತನ್ನ ತಪ್ಪು ಅಂದ್ಕೊಳ್ಳುತ್ತೆ, ಪಾಪ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ. ಜ್ವರ ಪುಸ್ತಕಕ್ಕೆ, ಬರೆ ಮಗುವಿಗೆ.”

ಶಾಲಾ ಪುಸ್ತಕಗಳು ಅಚ್ಚಿಗೆ ಹೋಗುವ ಮೊದಲು ಅವನ್ನು ಓದಿ ತೂಗಿ ನೋಡುವುದು ಇವರ ವೃತ್ತಿ. ಆರರಿಂದ ಎಂಟನೇ ತರಗತಿಯವರೆಗಿನ ಗಣಿತ ಇವರ ಪಾಲು. ಕಚೇರಿಯಲ್ಲಿ ಇವರಿಗೆ ‘ಯಾಕಕ್ಕ’ ಎಂದೇ ಹೆಸರು. ಪ್ರತಿ ಪುಟದ ಅಂಚಿನಲ್ಲೂ ‘ಯಾಕೆ?’ ಎಂದು ಬರೆದು ಬರೆದು ಬಂದ ಬಿರುದು ಅದು. ಲೇಖಕರು ಕೆಲವರು ಬೆನ್ನ ಹಿಂದೆ ಅದನ್ನು ಬೇರೆ ಧಾಟಿಯಲ್ಲಿ ಹೇಳುವುದೂ ಉಂಟು.

ಒಳಕೋಣೆಯಿಂದ ಅತ್ತೆಯ ದನಿ ಕೇಳುತ್ತದೆ: “ಹನ್ನೆರಡು ವರ್ಷದಿಂದ ಏಳನೇ ಕ್ಲಾಸಲ್ಲೇ ಕೂತಿದ್ದಾಳೆ ನಮ್ಮ ಸೊಸೆ. ಇನ್ನೂ ಪಾಸೇ ಆಗಿಲ್ಲ ನೋಡಿ!”

ಸೊಸೆ ನಗುತ್ತಾರೆ. ನಕ್ಕರೂ ಶಬ್ದ ಬರುವುದಿಲ್ಲ. ಅವರ ದನಿಯೇ ಹಾಗೆ, ಉಸಿರಿಗೆ ಸ್ವಲ್ಪ ಬಣ್ಣ ಹಚ್ಚಿದಂತೆ. ಅದಕ್ಕೊಂದು ಕಾರಣವಿದೆ.

ಮೊದಲು ಇವರು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಒಂದೊಂದು ತರಗತಿಯಲ್ಲಿ ಅರವತ್ತು ಮಕ್ಕಳು. ಪಕ್ಕದಲ್ಲೇ ಮುಖ್ಯರಸ್ತೆ, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು. ಕೊನೆಯ ಬೆಂಚಿಗೆ ಕೇಳಿಸಲೆಂದು ವರ್ಷಗಟ್ಟಲೆ ಕೂಗಿ ಕೂಗಿ ಗಂಟಲಲ್ಲಿ ಗಂಟು ಕಟ್ಟಿತು. ಶಸ್ತ್ರಚಿಕಿತ್ಸೆಯಾಯಿತು. ದನಿ ಅರ್ಧ ಮಾತ್ರ ಮರಳಿತು. ಇನ್ನು ತರಗತಿಯಲ್ಲಿ ಮಾತಾಡಿದರೆ ಇದ್ದದ್ದೂ ಹೋಗುತ್ತದೆ ಎಂದರು ವೈದ್ಯರು.

“ಆರು ತಿಂಗಳು ಮನೇಲಿ ಕೂತಿದ್ದೆ. ಪಾಠ ಮಾಡೋರ ಬಾಯಿ ಕಟ್ಟಿದ್ರೆ ಏನು ಉಳಿಯುತ್ತೆ ಹೇಳಿ? ಯಾರ ಹತ್ರನೂ ಮಾತಾಡ್ತಿರಲಿಲ್ಲ. ಇವರೇ ಒಂದಿನ ಪೇಪರಲ್ಲಿ ಬಂದ ಜಾಹೀರಾತು ತಂದು ಮುಂದಿಟ್ಟು, ‘ಪುಸ್ತಕ ಓದೋಕೆ ಗಂಟಲು ಬೇಕಾಗಿಲ್ಲವಲ್ಲ’ ಅಂದ್ರು.”

“ಆಮೇಲೆ ನನ್ನ ಬಿಟ್ಟು ಪುಸ್ತಕಾನೇ ಕಟ್ಕೊಂಡ್ಳು,” ಎಂದು ಬಾಗಿಲಿಂದ ಒಂದು ಮಾತು ಎಸೆದು ಚಾಲಕರು ಮೆಟ್ಟಿಲಿಳಿಯುತ್ತಾರೆ.

ಪುಸ್ತಕವನ್ನು ಅಳೆಯಲು ಒಂದು ಅಳತೆಗೋಲಿದೆ. ಅದಕ್ಕೆ ಕಲಿಕಾ ಮಾನದಂಡ ಎನ್ನುತ್ತಾರೆ. ವರ್ಷದ ಕೊನೆಗೆ ಮಗು ಏನೇನು ಮಾಡಬಲ್ಲದಾಗಿರಬೇಕು ಎಂದು ಒಂದೊಂದೇ ಸಾಲಿನಲ್ಲಿ ಹೇಳುವ ತೆಳ್ಳನೆಯ ಪುಸ್ತಿಕೆ. ಆ ಒಂದೊಂದು ಸಾಲಿನ ಎದುರಿಗೂ ಪರಿಶೀಲಕರು ‘ಪೂರೈಸಿದೆ’, ‘ಭಾಗಶಃ’, ‘ಪೂರೈಸಿಲ್ಲ’ ಎಂದು ಬರೆಯಬೇಕು. ಕೇಳಲು ಸುಲಭ. ಪರಿವಿಡಿ ನೋಡಿ ಟಿಕ್ ಹಾಕಿದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಯಾಕಕ್ಕನಿಗೆ ಒಂದು ಪುಸ್ತಕಕ್ಕೆ ಎರಡು ತಿಂಗಳು ಹಿಡಿಯುತ್ತದೆ, ಏಕೆಂದರೆ ಅವರು ಪುಸ್ತಕದ ಪ್ರತಿಯೊಂದು ಲೆಕ್ಕವನ್ನೂ ಸ್ವತಃ ಮಾಡುತ್ತಾರೆ. ಅದೂ ಆ ಪುಟದವರೆಗೆ ಪುಸ್ತಕ ಏನು ಕಲಿಸಿದೆಯೋ ಅಷ್ಟನ್ನೇ ಬಳಸಿ. “ಹೋಟೆಲ್ ಬೋರ್ಡಲ್ಲಿ ಹೆಸರಿದ್ದ ಮಾತ್ರಕ್ಕೆ ಹೊಟ್ಟೆ ತುಂಬುತ್ತಾ? ಬಡಿಸಿದ್ದಾರಾ ಅಂತ ನೋಡ್ಬೇಕು,” ಎಂಬುದು ಅವರ ವಾದ.

ಈ ವಾದ ಕಳೆದ ವರ್ಷ ಅವರನ್ನೇ ಇಕ್ಕಟ್ಟಿಗೆ ಸಿಲುಕಿಸಿತು.

ಪರಿಶೀಲನೆಗೆ ಬರುವ ಕರಡಿನಲ್ಲಿ ಲೇಖಕರ ಹೆಸರಿರುವುದಿಲ್ಲ. ಆ ಸಲ ಬಂದ ಏಳನೇ ತರಗತಿಯ ಕರಡೂ ಹಾಗೇ ಇತ್ತು. ಅಚ್ಚುಕಟ್ಟಾದ ಬರವಣಿಗೆ, ಒಂದೇ ಒಂದು ಉತ್ತರ ತಪ್ಪಿಲ್ಲ. ಎರಡನೇ ಅಧ್ಯಾಯದ ತುದಿಯಲ್ಲಿ ಒಂದು ಸಾಲು: ‘ಮೊದಲು ಕಣ್ಣು, ಆಮೇಲೆ ಕೈ.’ ಯಾಕಕ್ಕನ ಪೆನ್ಸಿಲ್ ಅಲ್ಲೇ ನಿಂತಿತು. ಆ ಮಾತನ್ನು ಅವರು ಒಬ್ಬರ ಬಾಯಿಂದ ಮಾತ್ರ ಕೇಳಿದ್ದರು.

ಅವರು ಏಳನೇ ತರಗತಿಯಲ್ಲಿದ್ದಾಗ ಕಾಮಾಲೆಯಾಗಿ ಎರಡು ತಿಂಗಳು ಹಾಸಿಗೆ ಹಿಡಿದಿದ್ದರು. ವರ್ಷ ಹೋಯಿತೆಂದು ಮನೆಯವರೆಲ್ಲ ಕೈಬಿಟ್ಟಿದ್ದರು. ಗಣಿತದ ಮೇಷ್ಟ್ರು ಮಾತ್ರ ಭಾನುವಾರ ಭಾನುವಾರ ಸೈಕಲ್ ತುಳಿದುಕೊಂಡು ಬಂದು, ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, ತಪ್ಪಿದ ಪಾಠವನ್ನೆಲ್ಲ ಹೇಳಿಕೊಟ್ಟಿದ್ದರು. ಹುಡುಗಿ ಆತುರಪಟ್ಟು ಪೆನ್ಸಿಲ್ ಎತ್ತಿದಾಗಲೆಲ್ಲ ಅವರು ಹೇಳುತ್ತಿದ್ದದ್ದು ಅದೇ ಮಾತು.

“ಖುಷಿಯಿಂದ ಓದ್ತಾ ಹೋದೆ. ಎಲ್ಲಾ ಚೆನ್ನಾಗಿತ್ತು. ಭಿನ್ನರಾಶಿ ಭಾಗಾಕಾರಕ್ಕೆ ಬಂದೆ ನೋಡಿ, ಪೆನ್ಸಿಲ್ ಕೆಳಗಿಟ್ಟೆ.”

ಮೂರನ್ನು ಮುಕ್ಕಾಲಿನಿಂದ ಭಾಗಿಸಬೇಕು. ಕರಡಿನಲ್ಲಿ ನಿಯಮ ದಪ್ಪ ಅಕ್ಷರದಲ್ಲಿತ್ತು: ಎರಡನೆಯ ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಗುಣಿಸು. ಉತ್ತರ ನಾಲ್ಕು. ಅದರ ಹಿಂದೆಯೇ ಅಭ್ಯಾಸಕ್ಕೆ ನಲವತ್ತು ಲೆಕ್ಕ. ಮಾನದಂಡ ಹೇಳುವುದಾದರೋ, ಭಾಗಾಕಾರದ ಅರ್ಥವನ್ನು ಮಗು ಚಿತ್ರದಿಂದ ತೋರಿಸಬೇಕು, ಸನ್ನಿವೇಶದಿಂದ ವಿವರಿಸಬೇಕು. ಮೂರು ಮೀಟರ್ ಬಟ್ಟೆಯಲ್ಲಿ ಮುಕ್ಕಾಲು ಮೀಟರಿನ ಎಷ್ಟು ತುಂಡು ಸಿಗುತ್ತವೆ ಎಂಬ ಒಂದು ಪ್ರಶ್ನೆ ಸಾಕಿತ್ತು. ಅದು ಅಲ್ಲಿರಲಿಲ್ಲ.

ಯಾಕಕ್ಕ ನೇರವಾಗಿ ಪುಸ್ತಕ ಪರಿಶೀಲನಾ ಸಮಿತಿಯ ಅಧ್ಯಕ್ಷೆಯ ಬಳಿ ಹೋಗಿ, ಇದು ನನ್ನ ಗುರುಗಳದ್ದಿರಬಹುದು, ನನ್ನನ್ನು ಬಿಡಿ ಎಂದರು. “ನಿಮ್ಮ ಊಹೆ ಸರಿಯೋ ತಪ್ಪೋ ನಾನು ಹೇಳೋ ಹಾಗಿಲ್ಲ. ಇನ್ನೊಬ್ಬರೂ ನೋಡ್ತಾರೆ. ನೀವು ಮಾಡೋದಾದ್ರೆ ಎಲ್ಲರ ಪುಸ್ತಕ ಹೇಗೋ ಇದೂ ಹಾಗೇ,” ಎಂದರು ಅಧ್ಯಕ್ಷೆ. ಎರಡು ದಿನ ಮನೆಯಲ್ಲಿ ಒದ್ದಾಟ. “ಗುರುವಿಗೇ ತಿರುಮಂತ್ರ ಹಾಕ್ತೀಯಾ?” ಎಂದು ಗಂಡ ತಮಾಷೆ ಮಾಡಿದರು. ಕೊನೆಗೆ ಆಕೆ ವರದಿ ಬರೆದರು. ತಮ್ಮ ಊಹೆಯನ್ನು ಮೊದಲ ಸಾಲಿನಲ್ಲೇ ಬಿಚ್ಚಿ ಹೇಳಿ, ಭಿನ್ನರಾಶಿಯ ಎದುರಿಗೆ ‘ಪೂರೈಸಿಲ್ಲ’ ಎಂದು ಬರೆದರು.

ಎರಡನೇ ಪರಿಶೀಲಕರು ಅದೇ ಸಾಲಿಗೆ ‘ಪೂರೈಸಿದೆ’ ಎಂದು ಟಿಕ್ ಹಾಕಿದ್ದರು. ಸಭೆಯಲ್ಲಿ ಅವರು, “ಇಡೀ ಪುಸ್ತಕದಲ್ಲಿ ಇಷ್ಟು ಚೊಕ್ಕವಾದ ಪಾಠ ಇನ್ನೊಂದಿಲ್ಲ, ಮೇಡಂ. ಮಕ್ಕಳಿಗೆ ಉತ್ತರ ಬಂದ್ರೆ ಸಾಲದಾ?” ಎಂದು ಕೇಳಿದರು.

“ಉತ್ತರ ಬರುತ್ತೆ. ಅರ್ಥ ಬರುತ್ತಾ ಅನ್ನೋದನ್ನ ಮಕ್ಕಳನ್ನೇ ಕೇಳೋಣ,” ಎಂದರು ಯಾಕಕ್ಕ. ದನಿ ಸಣ್ಣದಾದ್ದರಿಂದ ಎಲ್ಲರೂ ಮುಂದಕ್ಕೆ ಬಾಗಿ ಕೇಳಬೇಕಾಯಿತು.

ಒಂದು ಶಾಲೆಯಲ್ಲಿ ಅದೇ ಕರಡನ್ನು ಒಂದು ವಾರ ಪಾಠ ಮಾಡಿಸಿದರು. ಕೊನೆಯ ದಿನ ಸಮಿತಿಯವರು ಹಿಂದಿನ ಬೆಂಚುಗಳಲ್ಲಿ ಮೊಣಕಾಲು ಮಡಚಿಕೊಂಡು ಕೂತರು. ಲೆಕ್ಕ ಕೊಟ್ಟರೆ ಹೆಚ್ಚುಕಡಿಮೆ ಎಲ್ಲ ಮಕ್ಕಳ ಉತ್ತರವೂ ಸರಿ. ಎರಡನೇ ಪರಿಶೀಲಕರು ಯಾಕಕ್ಕನತ್ತ ನೋಡಿ ಮುಗುಳ್ನಕ್ಕರು. ಆಗ ಟೀಚರ್ ಇನ್ನೊಂದು ಕೆಲಸ ಕೊಟ್ಟರು: ಮೂರು ಭಾಗಿಸು ಮುಕ್ಕಾಲು, ಇದಕ್ಕೊಂದು ಕತೆ ಕಟ್ಟಿ.

ಕೆಲವರು ಮೂರರಲ್ಲಿ ಮುಕ್ಕಾಲನ್ನು ಕಳೆದು ಕತೆ ಮಾಡಿದರು. ಕೆಲವರು ಏನೂ ಬರೆಯಲಿಲ್ಲ. ಎರಡು ಜಡೆಯ ಹುಡುಗಿಯೊಬ್ಬಳು ಧೈರ್ಯವಾಗಿ ಎದ್ದು ಓದಿದಳು: “ಮೂರು ಲೀಟರ್ ಹಾಲನ್ನು ಮುಕ್ಕಾಲು ಜನರಿಗೆ ಹಂಚಿದೆವು. ಒಬ್ಬರಿಗೆ ನಾಲ್ಕು ಲೀಟರ್ ಬಂತು.”

ಹಿಂದಿನ ಬೆಂಚಿನಲ್ಲಿದ್ದ ಸಮಿತಿಯವರು ಗೊಳ್ಳೆಂದು ನಕ್ಕರು. ಹುಡುಗಿಯ ಮುಖ ಕೆಂಪಾಯಿತು. ಯಾಕಕ್ಕ ಎದ್ದು ಅವಳ ಬಳಿ ಹೋಗಿ, “ನಿನ್ನ ಲೆಕ್ಕ ಸರಿ ಇದೆ, ಮರಿ. ಮುಕ್ಕಾಲು ಮನುಷ್ಯನ್ನ ಎಲ್ಲಿ ಹುಡುಕೋದು ಅಂತ ಪುಸ್ತಕ ನಿನಗೆ ಹೇಳಿಲ್ಲ, ಅಷ್ಟೆ,” ಎಂದು ಭುಜ ತಟ್ಟಿದರು. ವಾಪಸು ಹೋಗುವಾಗ ಎರಡನೇ ಪರಿಶೀಲಕರು ತಾವಾಗಿಯೇ ಹೇಳಿದರು: “ನನ್ನ ಟಿಕ್ ವಾಪಸ್ ತಗೋತೀನಿ, ಮೇಡಂ.”

ಕರಡು ತಿದ್ದುಪಡಿಗೆ ಹಿಂದಿರುಗಿತು. ಲೇಖಕರು ಒಪ್ಪದಿದ್ದರೆ ಬಂದು ವಾದಿಸಬಹುದು ಎಂಬುದು ನಿಯಮ. ಲೇಖಕರು ಬಂದರು. ಎಂಬತ್ತರ ಹತ್ತಿರದ ವಯಸ್ಸು, ಕೈಯಲ್ಲಿ ಊರುಗೋಲು, ಅದೇ ಚೂಪು ನೋಟ. ಮೇಜಿನ ಆಚೆ ಕೂತವರನ್ನು ಒಬ್ಬೊಬ್ಬರಾಗಿ ನೋಡುತ್ತ ಬಂದು ಒಂದು ಮುಖದ ಮೇಲೆ ನೋಟ ನಿಲ್ಲಿಸಿದರು.

“ಕಾಮಾಲೆ ಹುಡುಗಿ ಅಲ್ವಾ ನೀನು?”

“ಹೌದು ಸರ್.” ಯಾಕಕ್ಕ ಆಗಲೇ ಎದ್ದು ನಿಂತಿದ್ದರು.

“ಈ ವರದಿ ಬರೆದಿದ್ದು ನೀನಾ?”

“ನಾನೇ ಸರ್.”

“ನಾನು ಹೀಗೇ ಕಲಿಸಿದ್ದು. ನೀನು ಹೀಗೇ ಕಲಿತಿದ್ದು. ಏನು ಕಮ್ಮಿ ಆಯ್ತು ನಿನಗೆ?”

ಯಾಕಕ್ಕ ಒಂದು ಗುಟುಕು ನೀರು ಕುಡಿದು ಮಾತಾಡಿದರು. “ಯಾಕೆ ಮಗುಚ್ಬೇಕು ಅಂತ ನಾನು ನಿಮ್ಮನ್ನ ಆಗ ಕೇಳಿದ್ದೆ ಸರ್. ದೊಡ್ಡವಳಾದ್ಮೇಲೆ ಗೊತ್ತಾಗುತ್ತೆ ಅಂದ್ರಿ. ಗೊತ್ತಾಯ್ತು. ಆದ್ರೆ ಅಷ್ಟು ಹೊತ್ತಿಗೆ ನಾನೇ ಟೀಚರಾಗಿ ಎಷ್ಟೋ ವರ್ಷ ಆಗಿತ್ತು. ಅಲ್ಲಿವರೆಗೆ ನನ್ನ ಮಕ್ಕಳಿಗೂ ನಾನು ಅದೇ ಹೇಳ್ತಿದ್ದೆ, ದೊಡ್ಡವರಾದ್ಮೇಲೆ ಗೊತ್ತಾಗುತ್ತೆ ಅಂತ. ನಿಮ್ಮ ಪುಸ್ತಕ ಓದೋ ಮಕ್ಕಳು ಅಷ್ಟು ಕಾಯೋದು ಬೇಡ ಸರ್.”

ಮಕ್ಕಳು ಬರೆದ ಕತೆಗಳ ಹಾಳೆಗಳನ್ನು ಕೇಳಿ ಪಡೆದು, ಮೇಷ್ಟ್ರು ಒಂದೊಂದನ್ನೂ ಕಣ್ಣಿನ ಹತ್ತಿರ ಹಿಡಿದು ಓದಿದರು. ಊರುಗೋಲು ಎತ್ತಿಕೊಂಡು ಹೊರಟೇಬಿಟ್ಟರು. ಯಾಕಕ್ಕ ಕೈ ಮುಗಿದದ್ದಕ್ಕೂ ಪ್ರತಿಯಾಗಿ ಏನೂ ಇಲ್ಲ.

“ಅವತ್ತು ಬಸ್ಸಲ್ಲಿ ಅತ್ತುಬಿಟ್ಟೆ,” ಎನ್ನುತ್ತಾರೆ ಯಾಕಕ್ಕ. “ಬರೆದದ್ದಕ್ಕಲ್ಲ. ಈಗ್ಲೂ ಅದನ್ನೇ ಬರೀತೀನಿ. ಸರ್ ಒಂದು ಮಾತು ಬೈದಿದ್ರೂ ಆಗ್ತಿತ್ತು.”

ಮೂರು ತಿಂಗಳ ಬಳಿಕ ಹೊಸ ಅಧ್ಯಾಯ ಬಂತು. ಬಟ್ಟೆಯ ಪಟ್ಟಿ, ಅಳತೆಯ ಲೋಟ, ಸಂಖ್ಯಾರೇಖೆಯ ಮೇಲೆ ಮುಕ್ಕಾಲು ಮುಕ್ಕಾಲಾಗಿ ಕುಪ್ಪಳಿಸುವ ಕಪ್ಪೆ. ಮುಕ್ಕಾಲು ಎಂದರೆ ಮೂರು ಕಾಲು ಭಾಗ, ಮೂರರಲ್ಲಿ ಒಟ್ಟು ಹನ್ನೆರಡು ಕಾಲು ಭಾಗ, ಹಾಗಾದರೆ ಎಷ್ಟು ಗುಂಪು ಎಂದು ಮಗುವಿನ ಕೈ ಹಿಡಿದು ನಡೆಸಿ, ತಲೆಕೆಳಗು ಮಾಡುವ ನಿಯಮವನ್ನು ಕೊನೆಗೆ ಮಗುವಿನ ಬಾಯಿಂದಲೇ ಹೇಳಿಸುವ ಪಾಠ. “ನನ್ನ ಕೈಲಿ ಹಾಗೆ ಬರೆಯೋಕೆ ಆಗ್ತಿರಲಿಲ್ಲ,” ಎಂದು ಒಪ್ಪಿಕೊಳ್ಳುತ್ತಾರೆ ಯಾಕಕ್ಕ. ‘ಪೂರೈಸಿದೆ’ ಎಂದು ಬರೆದರು. ಕಪ್ಪೆಯ ಒಂದು ನೆಗೆತ ತಪ್ಪು ಜಾಗದಲ್ಲಿ ಬಿದ್ದಿದ್ದನ್ನೂ ಗುರುತು ಮಾಡಿದರು. ಗುರುಗಳ ಕಪ್ಪೆಯಾದರೂ ತಪ್ಪು ತಪ್ಪೇ.

ಪುಸ್ತಕ ಈ ವರ್ಷ ಶಾಲೆಗಳಿಗೆ ಬಂದಿದೆ. ಬಂದ ವಾರ ಮೇಷ್ಟ್ರ ಫೋನು ಬಂತು. “ಇಷ್ಟು ವರ್ಷ ನಾನೂ ಸುಮ್ಮನೆ ಮಗುಚ್ತಾ ಇದ್ದೆ ಕಣಮ್ಮ,” ಎಂದರಂತೆ. ಆಮೇಲೆ ಅರ್ಧ ಗಂಟೆ ಕಪ್ಪೆಯ ವಿಚಾರಕ್ಕೆ ಜಗಳ.

ಪುಸ್ತಕದ ಒಳಪುಟದಲ್ಲಿ ಲೇಖಕರು, ಚಿತ್ರಕಾರರು, ಮುದ್ರಕರು ಎಲ್ಲರ ಹೆಸರಿದೆ. ಪರಿಶೀಲಕರದಿಲ್ಲ. ನಿಮ್ಮ ಹೆಸರೂ ಅಚ್ಚಾಗಬೇಕು ಅನ್ನಿಸುವುದಿಲ್ಲವೇ ಎಂದು ಕೇಳಿದೆ. ಅವರು ಪೆನ್ಸಿಲ್ ಚೂಪು ಮಾಡತೊಡಗಿದರು.

“ಹೆಸರು ಬೇಡ. ನೀವು ಪತ್ರಿಕೆಯವರು, ನಿಮ್ಮ ಮಾತು ಕೇಳ್ತಾರೆ. ಕರಡು ಕಳಿಸೋವಾಗ ಪುಟದ ಅಂಚನ್ನ ಇನ್ನೆರಡು ಬೆರಳು ಅಗಲ ಬಿಡೋಕೆ ಹೇಳಿ. ನನಗೆ ಹೇಳೋದು ಬೇಕಾದಷ್ಟಿದೆ, ಜಾಗ ಸಾಲ್ತಿಲ್ಲ.”