ಮಶೀನಿನ ಆಬ್ರಾಮಜಿ

ಆಬ್ರಾಮಜಿಯ ಬಲಗೈ ಸುಮ್ಮನೆ ಕುಳಿತಾಗಲೂ ತಿರುಗುತ್ತಿತ್ತು. ಚಹಾಕ್ಕೆ ಕಾಯುವಾಗ, ಚಕ್ಕಡಿಯಲ್ಲಿ ತೂಕಡಿಸುವಾಗ, ತೊಡೆಯ ಮೇಲೆ ಮುಷ್ಟಿ ಕಟ್ಟಿ ಸಣ್ಣಗೆ ಸುತ್ತುತ್ತಿದ್ದ. ನಮ್ಮ ಟೆಂಟ್ ಸಿನೆಮಾದ ಮಶೀನನ್ನು ಕೈಯಿಂದಲೇ ತಿರುಗಿಸಬೇಕಿತ್ತು. ಹತ್ತು ವರ್ಷ ಅದನ್ನೇ ಮಾಡಿದ ಕೈ ಅದು. "ಯಾಕ್ರಿ, ಕೈಗೆ ಸೂಟಿ ಇಲ್ಲೇನು?" ಎಂದು ನಾನು ಕಾಡಿದರೆ, "ಖೇಳ ಮುಗದದ್ದು ಅದಕ್ಕ ಗೊತ್ತಾಗಂಗಿಲ್ಲರಿ ಮಾಸ್ತರ" ಎನ್ನುತ್ತಿದ್ದ.

ನಾನು ಮಾಸ್ತರನೇನಲ್ಲ. ನಾಟಕ ಕಂಪನಿ ಮುಳುಗಿದ ಮೇಲೆ ಈ ಟೆಂಟಿಗೆ ಸೇರಿದವನು. ಆಗ ನಮ್ಮ ಕಡೆಗೆ ಬರುತ್ತಿದ್ದ ಚಿತ್ರಗಳಿಗೆ ಮಾತಿರಲಿಲ್ಲ. ಪರದೆಯ ಪಕ್ಕ ನಿಂತು, ಕೋಲು ತೋರಿಸಿ, ಯಾರು ಯಾರಿಗೆ ಏನೆಂದರೆಂದು ಕೂಗಿ ಹೇಳುವುದು ನನ್ನ ಕೆಲಸ. ಪರದೆಯ ಮೇಲಿನ ಇಂಗ್ಲಿಷ್ ಅಕ್ಷರ ನನಗೂ ಅಷ್ಟಕ್ಕಷ್ಟೇ, ತೋಚಿದ್ದು ಹೇಳುತ್ತಿದ್ದೆ. ರಾಜ ಕೆಮ್ಮಿದರೂ ಅದಕ್ಕೊಂದು ಸಂಭಾಷಣೆ ಕಟ್ಟುವವ ನಾನು. ಹಾನಗಲ್ಲಿನಿಂದ ಹಿರೇಕೆರೂರಿನ ತನಕ ಜನ ಚಿತ್ರಕ್ಕಿಂತ ನನ್ನ ಧ್ವನಿಗಾಗಿ ಬರುತ್ತಾರೆಂಬ ಸೊಕ್ಕು ನನಗಿತ್ತು.

ಆಬ್ರಾಮಜಿ ಕೊಂಕಣದವನು, ಮನೆಮಾತು ಮರಾಠಿ. ಶುಕ್ರವಾರ ಹೊತ್ತು ಮುಳುಗಿತೆಂದರೆ, ಮಾಲಕರು ಎಷ್ಟು ಬೈದರೂ ಮಶೀನು ಮುಟ್ಟುತ್ತಿರಲಿಲ್ಲ. ಆ ದಿನ ಮಾಲಕರ ಅಳಿಯ ತಿರುಗಿಸುತ್ತಿದ್ದ. ಶುಕ್ರವಾರ ಅಂದ ಮೇಲೆ ಸಾಬರವನೇ ಇರಬೇಕೆಂದು ನಾವೆಲ್ಲ ತಿಳಿದಿದ್ದೆವು. ಸವಣೂರಿನ ಎಲೆ ಅಂಗಡಿಯ ಹುಸೇನಸಾಬ ಮಾತ್ರ, "ನಮ್ಮಾಂವ ಅಲ್ಲರಿ, ಮಸೀದಿಗೆ ಒಂದಿನಾನೂ ಬಂದಿಲ್ಲ" ಎಂದು ತಲೆ ಅಲ್ಲಾಡಿಸುತ್ತಿದ್ದ. ಆಬ್ರಾಮಜಿಯನ್ನೇ ಕೇಳಿದ್ದರೆ ಆಗುತ್ತಿತ್ತು. ನಾನು ಕೇಳಲಿಲ್ಲ.

ಒಂದು ವರ್ಷ ಯಲವಿಗಿ ಸ್ಟೇಶನ್ನಿಗೆ ಬಂದ ರೀಲಿನ ಡಬ್ಬಿಯಲ್ಲಿ ವಿಲಾಯಿತಿ ದೆವ್ವದ ಚಿತ್ರವಿತ್ತು. ಡೊಂಕು ಮೂಗಿನ ಮುದುಕನೊಬ್ಬ ನೆಲಮಾಳಿಗೆಯಲ್ಲಿ ಇರುತ್ತಾನೆ. ಊರ ಕೂಸುಗಳನ್ನು ಒಯ್ದು ರಕ್ತ ಹೀರುತ್ತಾನೆ. ಕೊನೆಗೆ ಊರವರು ಅವನ ಮನೆಗೆ ಬೆಂಕಿ ಇಡುತ್ತಾರೆ. ಜೊತೆಗಿದ್ದ ಮರಾಠಿ ಹ್ಯಾಂಡ್‌ಬಿಲ್ಲಿನಲ್ಲಿ ಆ ಮುದುಕ ಯಹೂದಿ ಎಂದಿತ್ತು. ಅದು ಪಿಶಾಚಿಗಳಲ್ಲೇ ಯಾವುದೋ ಒಂದು ಜಾತಿಯೆಂದುಕೊಂಡೆ. ಹಾನಗಲ್ಲಿನ ಮೊದಲ ಆಟದಲ್ಲೇ, "ಬಂದ ನೋಡ್ರಿ ಯಹೂದಿ, ಕೂಸಿನ ರಕ್ತಾ ಕುಡಿಯಾಂವ" ಎಂದು ಒದರಿದೆ. ಹೆಂಗಸರು ಸೆರಗು ಬಾಯಿಗೊತ್ತಿಕೊಂಡರು. ಬೆಂಕಿ ಬಿದ್ದಾಗ ಸಿಳ್ಳೆಯೋ ಸಿಳ್ಳೆ.

ಮುಂದಿನ ಕ್ಯಾಂಪು ಶಿಗ್ಗಾಂವಿ. ಅಲ್ಲಿ ಒಂದು ಶುಕ್ರವಾರ ಸಂಜೆ ಮಶೀನಿನ ತಿರುಪು ಸಡಿಲಾಯಿತು. ಅದನ್ನು ಬಿಗಿಯುವ ಪಾನಾ ಎಲ್ಲಿದೆಯೆಂದು ಕೇಳಲು ಆಬ್ರಾಮಜಿಯ ಖೋಲಿಗೆ ಹೋದೆ. ಗಾಜಿನ ಲೋಟದಲ್ಲಿ ಎಣ್ಣೆದೀಪ ಉರಿಯುತ್ತಿತ್ತು. ಆಬ್ರಾಮಜಿ ತಲೆಗೆ ಟೋಪಿ ಹಾಕಿಕೊಂಡು, ಬಲದಿಂದ ಎಡಕ್ಕೆ ಬೆರಳಾಡಿಸುತ್ತ ಏನೋ ಓದುತ್ತಿದ್ದ.

"ಉರ್ದೂ ಏನ್ರಿ?"

"ಅಲ್ಲರಿ. ನಮ್ಮ ಇಬ್ರಿ ಭಾಷಾ, ಹೀಬ್ರೂ ಅಂತಾರಲ್ಲ ಅದು. ಶುಕ್ರವಾರ ಹೊತ್ತು ಮುಳುಗಿದ್ರ ನಮಗ ಸೂಟಿ. ನಾವು ಯಹೂದಿ ಮಂದಿ."

ಯಾವೂರು ಎಂದು ಕೇಳಿದವರಿಗೆ ಊರ ಹೆಸರು ಹೇಳುವ ಹಾಗೆ ಹೇಳಿದ. ನಾನು ಹೊಸ್ತಿಲ ಮೇಲೆಯೇ ಕೂತೆ.

"ಮೊದಲ ಯಾಕ ಹೇಳಲಿಲ್ಲರಿ? ಒಂದ ಮಾತ ಅಂದಿದ್ರ ನಾ ಬಾಯಿ ಮುಚ್ಚತಿದ್ದೆ. ಮಶೀನರ ನಿಂದ್ರಸಬೇಕಿತ್ತು."

"ನಡಬರಕ ಕೈ ನಿಂತರ ದೀಪದ ಕಾವಿಗೆ ರೀಲು ಹೊತ್ಕೋತೈತಿ ಮಾಸ್ತರ. ಟೆಂಟ ತುಂಬ ಮಂದಿ ಇರ್ತಾರ."

ಅಷ್ಟು ಹೇಳಿ ಪುಸ್ತಕಕ್ಕೆ ಮರಳಿದ. ನಾನು ಪಾನಾದ ಮಾತೆತ್ತದೆ ಬಂದೆ.

ಸವಣೂರಿನಲ್ಲಿ ಇದನ್ನು ಸರಿಪಡಿಸಿಯೇ ಸೈ ಎಂದು ನಿಶ್ಚಯಿಸಿದೆ. ಮುದುಕ ಪರದೆಗೆ ಬಂದಾಗ, "ಬಂತ ನೋಡ್ರಿ ಪಿಶಾಚಿ" ಎಂದೆ. ಆದರೆ ಹಾನಗಲ್ಲಿನಲ್ಲಿ ನೋಡಿದವರು ಆಗಲೇ ಸುದ್ದಿ ಮುಟ್ಟಿಸಿದ್ದರು. "ಯಹೂದಿ ಅನ್ರಿ ಮಾಸ್ತರ, ಬರೋಬರಿ ಹೇಳ್ರಿ" ಎಂದು ಹಿಂದಿನಿಂದ ಒಬ್ಬ ಕೂಗಿದ. ಇಡೀ ಟೆಂಟು ಅದನ್ನೇ ಹಿಡಿಯಿತು. ಮಾಲಕರು ಪರದೆಯ ಬದಿಗೆ ಬಂದು ಕಿವಿಯಲ್ಲಿ, "ಅನ್ನೂದಿದ್ರ ಅನ್ನ, ಇಲ್ಲಾಂದ್ರ ಗಂಟು ಕಟ್ಟ" ಎಂದರು. ಅಂದೆ. ಹಾನಗಲ್ಲಿನಲ್ಲಿ ಅಂದದ್ದಕ್ಕಿಂತ ದೊಡ್ಡ ಧ್ವನಿಯಲ್ಲಿ ಅಂದೆ. ಆಮೇಲೆ ಆಬ್ರಾಮಜಿ ತಿರುಗಿಸುತ್ತಿದ್ದ ಮಶೀನಿನ ಸದ್ದಿಗೆ ಕಿವಿಗೊಟ್ಟೆ. ಅದು ಒಂದಿಷ್ಟೂ ಏರುಪೇರಾಗಿರಲಿಲ್ಲ. ನನಗೆ ನಾಚಿಕೆಯಾಗಲಿಲ್ಲ, ಅಳುವೂ ಬರಲಿಲ್ಲ. ಆಟ ಮುಗಿಸಿ, ಮಂಡಕ್ಕಿ ತಿಂದು ಮಲಗಿದೆ.

ಕ್ಯಾಂಪು ಎತ್ತಿದ ದಿನ ಆಬ್ರಾಮಜಿ ಕೆಲಸ ಬಿಟ್ಟು ಮುಂಬೈಗೆ ಹೊರಟ. ಯಲವಿಗಿಯವರೆಗೆ ಚಕ್ಕಡಿಯಲ್ಲಿ ಅವನ ಜೊತೆ ಹೋದೆ. ತಪ್ಪಾಯಿತು ಎನ್ನಬೇಕೆಂದು ದಾರಿಯುದ್ದಕ್ಕೂ ಬಾಯಿಗೆ ತಂದುಕೊಂಡೆ, ಅನ್ನಲಾಗಲಿಲ್ಲ. ರೈಲು ಹತ್ತಿದ ಮೇಲೆ ಕಿಟಕಿಯಿಂದ ಅವನೇ ಹೇಳಿದ: "ನಿಮ್ಮ ಧ್ವನಿ ಭಾಳ ಚಲೋ ಐತ್ರಿ ಮಾಸ್ತರ. ನೀವು ಅಂದದ್ದು ಮಂದಿ ನಂಬತಾರ." ಅದರಲ್ಲಿ ಕೊಂಕಿರಲಿಲ್ಲ. ಆಮೇಲೆ ಅವನ ಸುದ್ದಿಯೇ ಇಲ್ಲ.

ಮಾತಾಡುವ ಚಿತ್ರಗಳು ಬಂದು ನನ್ನ ಕೆಲಸವೂ ಹೋಯಿತು. ದೊಡ್ಡ ಯುದ್ಧ ಮುಗಿದ ವರ್ಷ ಹಂಸಭಾವಿಯಲ್ಲಿ ಮಗಳ ಮನೆಯಲ್ಲಿದ್ದೆ. ಯುರೋಪಿನಲ್ಲಿ ಯಹೂದಿಗಳನ್ನು ಊರೂರಿನಿಂದ ಹಿಡಿದೊಯ್ದು, ಕೂಸುಗಳ ಸಮೇತ ಕೊಂದರೆಂದು ಪೇಪರಿನಲ್ಲಿ ಬಂದಿತ್ತು. ಎರಡು ಸಲ ಓದಿದೆ. ಏನೂ ಅನಿಸಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಪಕ್ಕದಲ್ಲಿ ಮಗಳು ನೀಲವ್ವ ತನ್ನ ಮಗನಿಗೆ ಉಣಿಸುತ್ತಿದ್ದಳು. ಅವನು ತುಟಿ ಬಿಗಿ ಹಿಡಿದಿದ್ದ.

"ಗಪ್ಪನ ಉಣ್ಣ. ಇಲ್ಲಾಂದ್ರ ಯಹೂದಿ ಬರ್ತಾನ ನೋಡ."

"ಯಹೂದಿ ಅಂದ್ರ ಯಾರವ್ವ?" ಎಂದೆ.

"ಯಾರಿಗ ಗೊತ್ತಪಾ. ನೀನ ಟೆಂಟಿನ್ಯಾಗ ಹೇಳ್ತಿದ್ದಿ."

ಮೊಮ್ಮಗ ನನ್ನ ಮುಖ ನೋಡುತ್ತ ತುತ್ತಿಗೆ ಬಾಯಿ ತೆರೆದ.